ಕೆಮ್ಮೇ ಇಲ್ಲ, ಎಕ್ಸ್-ರೇ ಯಾಕೆ ಡಾಕ್ಟ್ರೇ?

ದಾವಣಗೆರೆ, ಚಿತ್ರದುರ್ಗದ ಕಡೆ ಊರೂರಲ್ಲಿ ಟಿಬಿ ಎಕ್ಸ್-ರೇ ಶಿಬಿರ ನಡೆಯುತ್ತಿರುವುದಕ್ಕೋ ಏನೋ, ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಎದೆಯ ವಿಷಯದವೇ. ಮಂಡಿ ನೋವಿನವರು, ಥೈರಾಯ್ಡ್‌ನವರು ಮುಂದಿನ ಸಂಚಿಕೆವರೆಗೆ ಸ್ವಲ್ಪ ತಡೆದುಕೊಳ್ಳಿ. ಹೆಸರು ಹಾಕಬೇಡಿ ಎಂದು ಸುಮಾರು ಜನ ಕೇಳಿದ್ದೀರಿ. ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಡಾಕ್ಟ್ರೇ, ನನಗೆ 64 ವರ್ಷ. ಶುಗರ್ ಇದೆ, ಮಾತ್ರೆ ತಗೊಳ್ತೀನಿ. ಕೆಮ್ಮಿಲ್ಲ, ಜ್ವರ ಇಲ್ಲ, ಈಗಲೂ ಮೆಕ್ಕೆಜೋಳದ ಹೊಲಕ್ಕೆ ನಾನೇ ಹೋಗ್ತೀನಿ. ನಮ್ಮೂರ ಆಶಾ ಕಾರ್ಯಕರ್ತೆ ಮನೆಗೆ ಬಂದು, ಶಾಲೆ ಹತ್ರ ಎಕ್ಸ್-ರೇ ಶಿಬಿರ ಇದೆ, ಬರಲೇಬೇಕು ಅಂತಾರೆ. ಸುಮ್ನೆ ಲೆಕ್ಕ ತುಂಬಿಸೋಕೆ ಕರೀತಾರೆ ಅಂತಾನೆ ಮಗ. ಹೋಗಬೇಕಾ? (ಜಗಳೂರು ತಾಲೂಕಿನ ಓದುಗರು)

ಹೋಗಿ ಯಜಮಾನ್ರೇ. ಮಗನ ಮಾತು ಪೂರ್ತಿ ಸುಳ್ಳೇನಲ್ಲ, ಆಶಾ ಕಾರ್ಯಕರ್ತೆಯರ ತಲೆ ಮೇಲೆ ಲೆಕ್ಕದ ಹೊರೆ ಇದ್ದೇ ಇರುತ್ತದೆ. ಆದರೆ ನಿಮ್ಮನ್ನು ಕರೆದಿರುವುದಕ್ಕೆ ಬೇರೆ ಕಾರಣ ಇದೆ. 60 ದಾಟಿದ್ದೀರಿ, ಶುಗರ್ ಇದೆ. ಇವೆರಡರಲ್ಲಿ ಒಂದಿದ್ದರೂ ಪಟ್ಟಿಗೆ ಹೆಸರು ಸೇರುತ್ತದೆ. ಬೀಡಿ ಸಿಗರೇಟು ಸೇದುವವರು, ಜಾಸ್ತಿ ಕುಡಿಯುವವರು, ತೂಕ ತೀರಾ ಕಡಿಮೆ ಇರುವವರು, ಹಿಂದೆ ಟಿಬಿ ಆಗಿ ವಾಸಿಯಾದವರು, ಎಚ್‌ಐವಿ ಇರುವವರು, ಟಿಬಿ ರೋಗಿಯ ಮನೆಯವರು, ಇವರೆಲ್ಲ ಅದೇ ಪಟ್ಟಿಯಲ್ಲಿದ್ದಾರೆ. ಶುಗರ್ ಇರುವವರಿಗೆ ಟಿಬಿ ಬರುವ ಸಾಧ್ಯತೆ ಬೇರೆಯವರಿಗಿಂತ ಎರಡು ಮೂರು ಪಟ್ಟು ಜಾಸ್ತಿ.

ಇನ್ನು ‘ಕೆಮ್ಮಿಲ್ಲ’ ಎನ್ನುವ ಮಾತು. ಶಿಬಿರಕ್ಕೆ ಬರಲು ಒಪ್ಪದವರೆಲ್ಲ ಹೇಳುವುದು ಇದನ್ನೇ. 2019ರಿಂದ 2021ರವರೆಗೆ ದೇಶದ ಉದ್ದಗಲಕ್ಕೂ ಒಂದು ಸಮೀಕ್ಷೆ ನಡೆಯಿತು. ಆರಿಸಿದ ಊರು, ಬಡಾವಣೆಗಳಿಗೆ ಹೋಗಿ 15 ವರ್ಷ ದಾಟಿದವರನ್ನು ‘ಕೆಮ್ಮಿದೆಯಾ, ಜ್ವರ ಬರುತ್ತಾ, ತೂಕ ಇಳಿದಿದೆಯಾ’ ಎಂದು ಕೇಳಿದರು. ಜೊತೆಗೆ ಎಲ್ಲರ ಎದೆಯ ಎಕ್ಸ್-ರೇ ತೆಗೆದರು. ಎರಡರಲ್ಲಿ ಯಾವುದರಲ್ಲಿ ಅನುಮಾನ ಬಂದರೂ ಕಫ ಪರೀಕ್ಷೆ ಮಾಡಿದರು. ಶ್ವಾಸಕೋಶದ ಟಿಬಿ ಇರುವವರು ಲಕ್ಷಕ್ಕೆ 316 ಜನ ಎಂದು ಲೆಕ್ಕ ಬಂತು. ಬರೀ ಬಾಯಲ್ಲಿ ಕೇಳಿ ಬಿಟ್ಟಿದ್ದರೆ ಇವರಲ್ಲಿ ನೂರಕ್ಕೆ 42ಕ್ಕೂ ಹೆಚ್ಚು ಜನ ಕೈತಪ್ಪುತ್ತಿದ್ದರು. ಅವರನ್ನು ಹಿಡಿದುಕೊಟ್ಟಿದ್ದು ಎಕ್ಸ್-ರೇ ಒಂದೇ. ಶ್ವಾಸಕೋಶದ ಒಳಗೆ ನೋವು ಗೊತ್ತಾಗುವ ನರಗಳಿಲ್ಲ. ಮೂಲೆಯಲ್ಲಿ ಸಣ್ಣದಾಗಿ ಶುರುವಾದ ಹುಣ್ಣು ಶ್ವಾಸನಾಳದವರೆಗೆ ಬರುವ ತನಕ ಕೆಮ್ಮೂ ಬರಬೇಕೆಂದಿಲ್ಲ. ಅಷ್ಟರಲ್ಲಿ ಮೊಮ್ಮಗನಿಗೆ ದಾಟಿದರೂ ದಾಟಿತು.

ಯಂತ್ರ ನೋಡಿ ಹೆದರಬೇಡಿ. ಈಗ ಬಂದಿರುವುದು ಕೈಯಲ್ಲಿ ಹಿಡಿಯುವಂಥದ್ದು. ದೊಡ್ಡ ಕ್ಯಾಮೆರಾ ತರಹ ಇರುತ್ತದೆ, ಮೂರೂವರೆ ಕಿಲೋ ಆಸುಪಾಸು ತೂಕ, ಬ್ಯಾಟರಿಯಲ್ಲಿ ನಡೆಯುತ್ತದೆ. ಕರೆಂಟ್ ಹೋದರೂ ಕೆಲಸ ನಿಲ್ಲುವುದಿಲ್ಲ. ಸ್ಟ್ಯಾಂಡಿಗೆ ಸಿಕ್ಕಿಸಿದ ಪ್ಲೇಟಿಗೆ ಎದೆ ಒತ್ತಿ ನಿಂತು, ಉಸಿರು ಪೂರ್ತಿ ಎಳೆದು ಒಂದು ಕ್ಷಣ ಹಿಡಿದುಕೊಳ್ಳಬೇಕು. ಚಿತ್ರ ಅಲ್ಲೇ ಲ್ಯಾಪ್‌ಟಾಪಿಗೆ ಬರುತ್ತದೆ. ಕಂಪ್ಯೂಟರೇ ಅದನ್ನು ಓದಿ ಅನುಮಾನ ಇದೆಯೋ ಇಲ್ಲವೋ ಹೇಳುತ್ತದೆ. ಅನುಮಾನ ಇದ್ದವರಿಗೆ ಕಫದ ಡಬ್ಬಿ ಕೊಡುತ್ತಾರೆ.

ನಮ್ಮ ಕಡೆ ಇನ್ನೊಂದು ಫಜೀತಿ ಇದೆ. ಹಿರಿಯರ ಕೊರಳಲ್ಲಿ ಲಿಂಗದ ಕರಡಿಗೆ ಇರುತ್ತದೆ. ಬೆಳ್ಳಿಯದು, ನೇರ ಎದೆ ನಡುವೆ ತೂಗುತ್ತದೆ. ಎಕ್ಸ್-ರೇಯಲ್ಲಿ ಅದು ಅಚ್ಚ ಬಿಳಿಯ ಗುಂಡಾಗಿ ಬಿದ್ದು, ಆ ಜಾಗದಲ್ಲಿ ಏನಿದ್ದರೂ ಮುಚ್ಚಿಹಾಕುತ್ತದೆ. ಬೆನ್ನಿಗೆ ತಿರುಗಿಸಿಕೊಂಡರೂ ಅಷ್ಟೇ, ಕಿರಣ ಎದೆ ಬೆನ್ನು ಎರಡನ್ನೂ ದಾಟಿ ಹೋಗುತ್ತದಲ್ಲ. ಮೈಮೇಲಿಂದ ತೆಗೆಯುವುದಿಲ್ಲ ಎನ್ನುವವರನ್ನು ನಾನು ಯಾವತ್ತೂ ಬಲವಂತ ಮಾಡಿದವಳಲ್ಲ. ಶಿವದಾರವನ್ನು ಮೇಲಕ್ಕೆಳೆದು ಕರಡಿಗೆಯನ್ನು ಗದ್ದದ ಹತ್ತಿರ ತಂದುಕೊಂಡರೆ ಕೆಲಸ ಆಯಿತು. ಹೆಣ್ಣುಮಕ್ಕಳು ತಾಳಿ ಸರವನ್ನು ಹಾಗೇ ಮೇಲಕ್ಕೆಳೆದು ಹಲ್ಲಲ್ಲಿ ಕಚ್ಚಿಕೊಂಡು ನಿಲ್ಲುತ್ತಾರೆ. ಅದಕ್ಕೆ ಸಿಕ್ಕಿಸಿದ ಸೇಫ್ಟಿ ಪಿನ್ನುಗಳ ಗೊಂಚಲನ್ನು ಮಾತ್ರ ಮರೆತುಬಿಡುತ್ತಾರೆ. ಜಡೆಯನ್ನು ಎತ್ತಿ ಕಟ್ಟಿಕೊಳ್ಳಿ ಎಂದು ಮನೆಯ ಹೆಂಗಸರಿಗೂ ಹೇಳಿ. ಹೆಗಲ ಮೇಲೆ ಬಿದ್ದ ಜಡೆ ಶ್ವಾಸಕೋಶದ ಮೇಲ್ಭಾಗದಲ್ಲಿ ನೆರಳು ಮೂಡಿಸುತ್ತದೆ. ದೊಡ್ಡವರಲ್ಲಿ ಟಿಬಿ ಜಾಸ್ತಿ ಕೂರುವುದೂ ಅಲ್ಲೇ. ಎಣ್ಣೆ ಹಚ್ಚಿದ ಜಡೆಯಿಂದಾಗಿ ಕಫದ ಡಬ್ಬಿ ಹಿಡಿದುಕೊಂಡು ಬಂದವರನ್ನು ನಾನು ಕಂಡಿದ್ದೇನೆ.

ಪ್ರಶ್ನೆ: ಮೇಡಂ, ನಾನು ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡ್ತೀನಿ, ವಯಸ್ಸು 41. ಶಿಬಿರದಲ್ಲಿ ಎಕ್ಸ್-ರೇ ತೆಗೆದು ಬಲಗಡೆ ಮೇಲೆ ಕಲೆ ಇದೆ ಅಂದ್ರು. ಎರಡು ಸಲ ಕಫ ಕೊಟ್ಟೆ, ಟಿಬಿ ಇಲ್ಲ ಅಂತ ಬಂತು. ಆದ್ರೂ ಅತ್ತೆ ನನ್ನ ತಟ್ಟೆ ಲೋಟ ಬೇರೆ ಇಟ್ಟಿದ್ದಾರೆ. ಖಾಸಗಿ ಡಾಕ್ಟರೊಬ್ಬರು ಯಾವುದಕ್ಕೂ ಆರು ತಿಂಗಳ ಕೋರ್ಸ್ ತಗೊಂಡುಬಿಡಿ ಅಂದ್ರು. ಏನು ಮಾಡಲಿ? (ದಾವಣಗೆರೆ)

ಮೊದಲು ತಟ್ಟೆ ವಿಷಯ ಮುಗಿಸೋಣ. ನಿಜವಾಗಿ ಟಿಬಿ ಇದ್ದವರ ತಟ್ಟೆಯಿಂದಲೂ ಟಿಬಿ ಬರುವುದಿಲ್ಲ. ಅದು ಗಾಳಿಯ ರೋಗ. ಕೆಮ್ಮಿದಾಗ, ಮಾತಾಡಿದಾಗ ಹೊರಬಿದ್ದ ಕಣಗಳನ್ನು ಉಸಿರಾಡಿದರೆ ಬರುತ್ತದೆ. ನಿಮ್ಮ ಅತ್ತೆಗೆ ಈ ಪುಟವನ್ನು ಓದಿ ಹೇಳಿ. ಬೇಕಿದ್ದರೆ ಡಾಕ್ಟರಮ್ಮ ಬೈದಿದ್ದಾರೆ ಎಂದೂ ಹೇಳಿ.

ಈಗ ಕಲೆ. ನೀವು ದಿನಾ ಹಿಡಿಯುವ ಜರಡಿಯನ್ನೇ ನೆನಪಿಸಿಕೊಳ್ಳಿ. ಬಿಸಿ ಮರಳು ಕೆಳಗೆ ಇಳಿಯುತ್ತದೆ, ಮಂಡಕ್ಕಿ ಮೇಲೆ ಉಳಿಯುತ್ತದೆ. ಅದರ ಜೊತೆ ಅರಳದ ಕಾಳೂ ಉಳಿಯುತ್ತದೆ ಅಲ್ವಾ? ಎಕ್ಸ್-ರೇಯ ಕೆಲಸವೂ ಅಷ್ಟೇ. ಅನುಮಾನ ಇದ್ದವರನ್ನೆಲ್ಲ ಮೇಲೆ ಉಳಿಸಿಕೊಳ್ಳುತ್ತದೆ. ಯಾರಿಗೆ ನಿಜವಾಗಿ ಟಿಬಿ ಇದೆ ಎಂದು ಆರಿಸುವುದು ಕಫ ಪರೀಕ್ಷೆ.

ನಿಮ್ಮ ಕಲೆ ಎಂದೋ ಬಂದು ತಾನಾಗಿ ಮಾಗಿದ ಸೋಂಕಿನ ಗಾಯದ ಗುರುತಾಗಿರಬಹುದು. ಹಳೆಯ ನ್ಯುಮೋನಿಯಾದ್ದೂ ಆಗಿರಬಹುದು. ಇದನ್ನು ತಿಳಿಯಲು ಒಂದು ಸುಲಭದ ದಾರಿ ಇದೆ, ಅದನ್ನೇ ಯಾರೂ ಕೇಳುವುದಿಲ್ಲ. ಮನೆಯಲ್ಲಿ ಹಳೆಯ ಎಕ್ಸ್-ರೇ ಇದೆಯಾ? ಆಪರೇಷನ್ ಸಮಯದಲ್ಲಿ ತೆಗೆಸಿದ್ದೋ, ಜ್ವರ ಬಂದಾಗ ತೆಗೆಸಿದ್ದೋ ಅಟ್ಟದ ಮೇಲೆ, ಬೀರುವಿನ ಹಿಂದೆ ಹುಡುಕಿ. ಐದು ವರ್ಷದ ಹಿಂದೆಯೂ ಅದೇ ಕಲೆ ಅದೇ ಅಳತೆಯಲ್ಲಿದ್ದರೆ ಅದು ಹಳೆಯ ಗಾಯ ಎಂದು ಹೆಚ್ಚುಕಡಿಮೆ ಧೈರ್ಯವಾಗಿ ಹೇಳಬಹುದು. ಹಳೆಯದು ಇಲ್ಲದಿದ್ದರೆ ಜಿಲ್ಲಾ ಆಸ್ಪತ್ರೆಯ ಎದೆರೋಗ ವಿಭಾಗದಲ್ಲಿ ತೋರಿಸಿ. ಕೆಲವು ವಾರ ಬಿಟ್ಟು ಇನ್ನೊಮ್ಮೆ ತೆಗೆಸಿ ಹೋಲಿಸಿ ನೋಡುತ್ತಾರೆ.

ಕಫದಲ್ಲಿ ಸಿಗದಿದ್ದರೂ ಎಲ್ಲಾ ಲಕ್ಷಣ ನೋಡಿ ಡಾಕ್ಟರು ಟಿಬಿ ಚಿಕಿತ್ಸೆ ಶುರು ಮಾಡುವ ಸಂದರ್ಭಗಳಿವೆ, ಇಲ್ಲ ಎನ್ನುವುದಿಲ್ಲ. ಆದರೆ ಜ್ವರ ಇಲ್ಲ, ತೂಕ ಇಳಿದಿಲ್ಲ ಎಂದಾದರೆ ಬರೀ ಒಂದು ನೆರಳು ನೋಡಿ ‘ಯಾವುದಕ್ಕೂ ಇರಲಿ’ ಅಂತ ಆರು ತಿಂಗಳ ಮಾತ್ರೆ ನುಂಗುವುದು ನನಗೆ ಸರಿ ಕಾಣುವುದಿಲ್ಲ. ಆ ಮಾತ್ರೆಗಳು ಲಿವರ್‌ಗೆ ಕೊಂಚ ಭಾರವೇ.

ಕೊಟ್ಟಿದ್ದು ಕಫವೋ ಎಂಜಲೋ ಎಂದೂ ಯೋಚಿಸಿ. ಬೆಳಗ್ಗೆ ಎದ್ದ ಕೂಡಲೇ ಬರೀ ನೀರಲ್ಲಿ ಬಾಯಿ ಮುಕ್ಕಳಿಸಿ, ಬಯಲಿಗೆ ಬಂದು, ಎರಡು ಮೂರು ಸಲ ಉಸಿರನ್ನು ಆಳಕ್ಕೆ ಎಳೆದು, ಎದೆಯಿಂದ ಕೆಮ್ಮಿ ತೆಗೆಯಬೇಕು. ನೀರಿನಂತೆ ತೆಳ್ಳಗೆ, ನೊರೆ ನೊರೆಯಾಗಿದ್ದರೆ ಅದು ಎಂಜಲು. ಕಫದಲ್ಲಿ ಟಿಬಿ ರೋಗಾಣು ಹುಡುಕುವ ಟ್ರೂನ್ಯಾಟ್ ಯಂತ್ರ ಎಷ್ಟೇ ಒಳ್ಳೆಯದಾದರೂ ಎಂಜಲಲ್ಲಿ ಏನು ಹುಡುಕೀತು?

ಇನ್ನೊಂದು ಮಾತು ಕೆಲಸದ ಬಗ್ಗೆ. ಭಟ್ಟಿ ಮುಂದೆ ಕೂತವರ ಮುಖಕ್ಕೆ ಹೊಟ್ಟಿನ ಹೊಗೆ ಹೊಡೆಯುತ್ತದೆ, ಮರಳಿನ ದೂಳು ಹೊಡೆಯುತ್ತದೆ. ಭತ್ತದ ಹೊಟ್ಟಿನ ಬೂದಿಯಲ್ಲಿ, ಮರಳಲ್ಲಿ ಇರುವಂಥದ್ದೇ ಸಿಲಿಕಾ ಎಂಬ ಖನಿಜ ತುಂಬಾ ಇರುತ್ತದೆ. ಸೆರಗು ಕಟ್ಟಿಕೊಂಡರೆ ದಪ್ಪ ದೂಳು ನಿಂತೀತು, ಸಣ್ಣದು ಒಳಗೇ ಹೋಗುತ್ತದೆ. ಹೊಗೆ ಮೇಲಕ್ಕೆ ಹೋಗುವಂತೆ ಕೊಳವೆ ಹಾಕಿಸಿ ಎಂದು ಭಟ್ಟಿ ಯಜಮಾನರನ್ನು ನಾಲ್ಕು ಜನ ಸೇರಿ ಕೇಳಿ. ಒಬ್ಬರೇ ಕೇಳಬೇಡಿ.

ಪ್ರಶ್ನೆ: ಶಿಬಿರದಲ್ಲಿ ಎದೆ ಕ್ಲಿಯರ್ ಇದೆ ಅಂದ್ರು. ದಿನಕ್ಕೆ ಒಂದು ಕಟ್ಟು ಬೀಡಿ ಸೇದ್ತೀನಿ. ಹಾಗಾದ್ರೆ ನನ್ನ ಎದೆಗೆ ಏನೂ ಆಗಿಲ್ಲ ಅಂತ ತಾನೇ? (ಹರಿಹರ)

ಅಲ್ಲ. ಬೀಡಿಯಿಂದ ಶುರುವಾಗುವ ಹಾಳು ಎಕ್ಸ್-ರೇಯಲ್ಲಿ ಮೊದಮೊದಲು ಕಾಣುವುದೇ ಇಲ್ಲ. ಸಣ್ಣ ಗಂಟೂ ಪಕ್ಕೆಲುಬಿನ ಹಿಂದೆ, ಹೃದಯದ ಹಿಂದೆ ಅಡಗಿರಬಹುದು. ನಿಮಗೆ ಸಿಕ್ಕಿರುವುದು ಟಿಬಿಯ ಅನುಮಾನ ಸದ್ಯಕ್ಕಿಲ್ಲ ಎಂಬ ಚೀಟಿ. ಬೀಡಿ ಸೇದಲು ಲೈಸೆನ್ಸ್ ಅಲ್ಲ.

ಪ್ರಶ್ನೆ: ಹತ್ತಿ ಗಿರಣಿಯಲ್ಲಿ ಇಪ್ಪತ್ತು ವರ್ಷಕ್ಕೂ ಜಾಸ್ತಿ ದುಡಿದವನು ನಾನು, ಹತ್ತಿ ಹಿಂಜುವ ಕಾರ್ಡಿಂಗ್ ವಿಭಾಗ. ಈಗ 73. ಎರಡು ಮೆಟ್ಟಿಲು ಹತ್ತಿದರೆ ದಮ್ಮು. ಎಕ್ಸ್-ರೇ ಮಾಡಿಸಿದೆ, ಏನೂ ಇಲ್ಲ ಅಂದ್ರು. ಏನೂ ಇಲ್ಲದಿದ್ರೆ ದಮ್ಮು ಯಾಕೆ ಬರುತ್ತೆ ತಾಯಿ? (ದಾವಣಗೆರೆ)

ಒಳ್ಳೆ ಪ್ರಶ್ನೆ ಕೇಳಿದ್ದೀರಿ ಅಪ್ಪಾಜಿ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೊಗಳಿದವರು ಬಹಳ ಜನ. ಕಾರ್ಡಿಂಗ್‌ನಲ್ಲಿ, ಹತ್ತಿ ಬಿಡಿಸಿ ಕೊಡವುವ ಬ್ಲೋ ರೂಮಿನಲ್ಲಿ ನಿಂತವರ ಎದೆ ಏನಾಯಿತು ಎಂದು ಕೇಳಿದವರು ಕಡಿಮೆ.

ಹತ್ತಿ ದೂಳಿನಿಂದ ಬರುವ ಕಾಯಿಲೆಗೆ ಬಿಸಿನೋಸಿಸ್ ಎನ್ನುತ್ತಾರೆ. ನೆನಪು ಮಾಡಿಕೊಳ್ಳಿ. ಭಾನುವಾರ ರಜೆ ಮುಗಿಸಿ ಸೋಮವಾರ ಕೆಲಸಕ್ಕೆ ಹೋದ ದಿನ ಎದೆ ಬಿಗಿಯುತ್ತಿತ್ತಾ? ಮಂಗಳವಾರ, ಬುಧವಾರ ಸ್ವಲ್ಪ ಸಲೀಸಾಗುತ್ತಿತ್ತಾ? ಹೌದಾದರೆ ಅದೇ ಇದರ ಗುರುತು. ವರ್ಷಗಟ್ಟಲೆ ಹಾಗೇ ನಡೆದರೆ ಶ್ವಾಸನಾಳಗಳು ಕಿರಿದಾಗಿ, ಕೆಲಸ ಬಿಟ್ಟ ಮೇಲೂ ದಮ್ಮು ಉಳಿಯುತ್ತದೆ. ಎಕ್ಸ್-ರೇ ನೋಡಿದರೆ ಬಹಳ ಸಲ ಏನೂ ಇರುವುದಿಲ್ಲ. ಬೀಡಿಯಿಂದ, ಸೌದೆ ಒಲೆಯ ಹೊಗೆಯಿಂದ ಬರುವ ಸಿಒಪಿಡಿ ಎಂಬ ದಮ್ಮಿನ ಕಾಯಿಲೆ, ಮತ್ತೆ ಅಸ್ತಮಾ, ಇವುಗಳದ್ದೂ ಇದೇ ಕಥೆ. ಎಕ್ಸ್-ರೇ ತೋರಿಸುವುದು ಶ್ವಾಸಕೋಶದ ಆಕಾರವನ್ನು. ಗಾಳಿ ಎಷ್ಟು ಸರಾಗವಾಗಿ ಹೊರಗೆ ಬರುತ್ತಿದೆ ಎಂದು ಅದಕ್ಕೆ ಗೊತ್ತಾಗುವುದಿಲ್ಲ.

ಅದಕ್ಕೆ ಬೇಕಾದದ್ದು ಸ್ಪೈರೋಮೆಟ್ರಿ. ಊದುವ ಪರೀಕ್ಷೆ ಎಂದು ಕೇಳಿ. ಕೊಳವೆಗೆ ಬಾಯಿಟ್ಟು ಜೋರಾಗಿ, ಉಸಿರು ಪೂರ್ತಿ ಖಾಲಿಯಾಗುವವರೆಗೆ ಊದಬೇಕು. ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಬಂತು, ಒಟ್ಟು ಎಷ್ಟು ಬಂತು ಎಂದು ಅಳೆಯುತ್ತಾರೆ. ಎದೆರೋಗ ವಿಭಾಗ ಇರುವ ದೊಡ್ಡ ಆಸ್ಪತ್ರೆಗಳಲ್ಲಿ ಇದು ಇರುತ್ತದೆ. ಜೊತೆಗೆ ಒಂದು ಇಸಿಜಿಯೂ ಆಗಲಿ, ನಿಮ್ಮ ವಯಸ್ಸಿಗೆ ದಮ್ಮು ಹೃದಯದ್ದೂ ಆಗಿರಬಹುದು. ಇನ್ಹೇಲರ್ ಕೊಟ್ಟರೆ ‘ಅದು ಚಟ ಹಿಡಿಯುತ್ತೆ’ ಎನ್ನುವವರ ಮಾತಿಗೆ ಕಿವಿ ಕೊಡಬೇಡಿ. ಮಾತ್ರೆ, ಇಂಜೆಕ್ಷನ್‌ಗಿಂತ ಎಷ್ಟೋ ಪಾಲು ಕಡಿಮೆ ಔಷಧ ಅದರಲ್ಲಿರುತ್ತದೆ, ನೇರ ಬೇಕಾದ ಜಾಗಕ್ಕೇ ಹೋಗುತ್ತದೆ.

ಶಿಬಿರದವರಿಗೂ ನನ್ನದೊಂದು ತಕರಾರಿದೆ. ‘ನಾರ್ಮಲ್’ ಎಂದು ಕಳಿಸುವ ಮುಂಚೆ ‘ನಡೆದರೆ ದಮ್ಮು ಬರುತ್ತಾ’ ಎಂದು ಒಂದು ಮಾತು ಕೇಳಿದರೆ ಇಂಥವರು ಬರಿಗೈಯಲ್ಲಿ ವಾಪಸ್ ಹೋಗುವುದಿಲ್ಲ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, 82 ವರ್ಷ. 1960ರ ಹೊತ್ತಿಗೆ ತುಮಕೂರಿನಲ್ಲಿ ಓದುವಾಗ ಎಕ್ಸ್-ರೇ ವಾಹನ ಹಳ್ಳಿಗಳಿಗೆ ಹೋಗುವುದನ್ನು ನೋಡಿದ್ದೆ. ಆಮೇಲೆ ಎಕ್ಸ್-ರೇ ಬೇಡ, ಕಫ ಸಾಕು ಎಂದರು. ಈಗ ಮತ್ತೆ ಎಕ್ಸ್-ರೇ ಎನ್ನುತ್ತಾರೆ. ಇದೇನು ಹೀಗೆ? (ಹೊಸದುರ್ಗ)

ಮೇಷ್ಟ್ರೇ, ನಿಮ್ಮ ನೆನಪು ಸರಿಯಾಗಿದೆ. ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಗಿದ್ದು 1959ರಲ್ಲಿ. ಅವರು ಮೊದಮೊದಲು ಸಮೀಕ್ಷೆ ಮಾಡಿದ್ದು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲೇ. ನೀವು ನೋಡಿದ್ದು ಬಹುಶಃ ಅವರದೇ ವಾಹನ.

ರಾಂಟ್ಗೆನ್ ಎಕ್ಸ್-ರೇ ಕಂಡುಹಿಡಿದದ್ದು 1895ರಲ್ಲಿ. ಅದನ್ನು ನೂರಾರು ಜನಕ್ಕೆ ಒಟ್ಟಿಗೆ, ಅಗ್ಗವಾಗಿ ತೆಗೆಯುವ ಉಪಾಯ ಹುಡುಕಿದವರು ಬ್ರೆಜಿಲ್ ದೇಶದ ಡಾಕ್ಟರು ಮನೋಯೆಲ್ ಡಿ ಅಬ್ರೂ, 1936ರಲ್ಲಿ. ಪರದೆಯ ಮೇಲೆ ಮೂಡಿದ ಎದೆಯ ಚಿತ್ರವನ್ನು ಸಣ್ಣ ಫಿಲ್ಮಿಗೆ ಫೋಟೊ ಹಿಡಿಯುವುದು. ನಮ್ಮ ದೇಶದಲ್ಲೂ 1955ರಿಂದ 58ರವರೆಗೆ ಹೀಗೇ ವ್ಯಾನುಗಳಲ್ಲಿ ತಿರುಗಿ ದೊಡ್ಡ ಸಮೀಕ್ಷೆ ಮಾಡಿದರು. ಪಟ್ಟಣದಲ್ಲಿ ಎಷ್ಟೋ ಹಳ್ಳಿಯಲ್ಲೂ ಹೆಚ್ಚುಕಡಿಮೆ ಅಷ್ಟೇ ಟಿಬಿ ಇದೆ ಎಂದು ತಿಳಿದಿದ್ದು ಆಗಲೇ. ಆದರೆ ವ್ಯಾನು, ಜನರೇಟರ್, ಫಿಲ್ಮು, ತೊಳೆಯುವ ಕತ್ತಲ ಕೋಣೆ, ಓದುವ ಡಾಕ್ಟರು, ಇಷ್ಟನ್ನೂ ದೇಶದ ತುಂಬ ಸಾಕುವುದು ಹೇಗೆ?

ಅದೇ ಹೊತ್ತಿಗೆ ಬೆಂಗಳೂರಿನ ಸಂಸ್ಥೆಯ ಬ್ಯಾನರ್ಜಿ ಮತ್ತು ಆಂಡರ್ಸನ್ ತುಮಕೂರಿನ ಹಳ್ಳಿಗಳಲ್ಲಿ ಒಂದು ಸರಳ ಪ್ರಶ್ನೆ ಕೇಳಿದರು. ಸಮೀಕ್ಷೆಯಲ್ಲಿ ಸಿಕ್ಕ ರೋಗಿಗಳು ಅದಕ್ಕೂ ಮುಂಚೆ ಎಲ್ಲಾದರೂ ತೋರಿಸಿದ್ದರಾ ಎಂದು. ಅರ್ಧಕ್ಕೂ ಹೆಚ್ಚು ಜನ ಆಗಲೇ ಆಸ್ಪತ್ರೆ ಬಾಗಿಲಿಗೆ ಹೋಗಿ ಬಂದಿದ್ದರು. ಅಲ್ಲಿ ಕೆಮ್ಮಿನ ಔಷಧದ ಬಾಟಲಿ ಕೊಟ್ಟು ಕಳಿಸಿದ್ದರು. ಪ್ರಕಟವಾಗಿದ್ದು 1963ರಲ್ಲಾದರೂ ಇದು ಸಂಸ್ಥೆಗೆ ಮೊದಲೇ ಗೊತ್ತಿತ್ತು. ಬಾಗಿಲಿಗೆ ಬಂದವರನ್ನೇ ಬಿಟ್ಟು ಊರೂರು ವ್ಯಾನು ಓಡಿಸುವುದೇಕೆ, ಬಂದವರ ಕಫವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಸಾಕು ಎನ್ನುವ ಲೆಕ್ಕಾಚಾರದ ಮೇಲೆ 1962ರ ರಾಷ್ಟ್ರೀಯ ಟಿಬಿ ಕಾರ್ಯಕ್ರಮ ನಿಂತಿತು. 1974ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರೂ ಸಾಮೂಹಿಕ ಎಕ್ಸ್-ರೇ ಕೈಬಿಡಿ ಎಂದರು. ಅವತ್ತಿನ ಮಟ್ಟಿಗೆ ಅದು ಸರಿಯಾದ ತೀರ್ಮಾನವೇ ಎಂದು ನನ್ನ ಅಭಿಪ್ರಾಯ.

ಈಗ ಬದಲಾಗಿದ್ದೇನು? ಫಿಲ್ಮು, ಕತ್ತಲ ಕೋಣೆ ಹೋದವು. ಯಂತ್ರ ಸ್ಕೂಟರ್ ಮೇಲೆ ಹೋಗುವಷ್ಟು ಚಿಕ್ಕದಾಯಿತು. ಚಿತ್ರ ಓದಲು ಕಂಪ್ಯೂಟರ್ ಬಂತು. 15 ದಾಟಿದವರಿಗೆ ಅದನ್ನು ಬಳಸಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಒಪ್ಪಿತು. ಕಫದ ಕಡೆಯೂ ಗೋವಾದಲ್ಲಿ ತಯಾರಾಗುವ ಟ್ರೂನ್ಯಾಟ್‌ನಂಥ ಯಂತ್ರಗಳು ತಾಲೂಕು ಮಟ್ಟಕ್ಕೆ ಬಂದವು. ಮೇಲೆ ಹೇಳಿದ ಹೊಸ ಸಮೀಕ್ಷೆಯಲ್ಲಿ ಇನ್ನೊಂದು ಸಂಗತಿಯೂ ಹೊರಬಿತ್ತು. ಲಕ್ಷಣ ಇದ್ದವರಲ್ಲೇ ನೂರಕ್ಕೆ 64 ಜನ ಎಲ್ಲೂ ತೋರಿಸಿರಲಿಲ್ಲ. 2024ರ ಡಿಸೆಂಬರ್ 7ರಂದು 347 ಜಿಲ್ಲೆಗಳಲ್ಲಿ ನೂರು ದಿನಗಳ ಟಿಬಿ ಅಭಿಯಾನ ಶುರುವಾದಾಗ ಈ ಪುಟ್ಟ ಯಂತ್ರಗಳು ಹಳ್ಳಿಗೆ ಇಳಿದವು.

ಆದರೂ ಹಳೆಯ ತಪ್ಪು ಹೊಸ ರೂಪದಲ್ಲಿ ಬರಬಾರದು. ಇಷ್ಟು ಸಾವಿರ ಎಕ್ಸ್-ರೇ ತೆಗೆದೆವು ಎಂಬ ಪ್ರಕಟಣೆ ನೋಡಿದರೆ ನನಗೆ ಸಿಟ್ಟು ಬರುತ್ತದೆ. ಎಷ್ಟು ಜನರ ಕಫ ಪರೀಕ್ಷೆ ಆಯಿತು, ಎಷ್ಟು ಜನ ಮಾತ್ರೆ ಶುರು ಮಾಡಿದರು, ಅದನ್ನು ಹೇಳಿ ಸ್ವಾಮಿ.

ಪ್ರಶ್ನೆ: ಕಲ್ಲು ಕ್ರಷರ್‌ನಲ್ಲಿ ಒಂಬತ್ತು ವರ್ಷದಿಂದ ಇದ್ದೀನಿ. ಎಕ್ಸ್-ರೇ ನೋಡಿ ಟಿಬಿ ಅಂದ್ರು, ಕಫದಲ್ಲಿ ಬರಲಿಲ್ಲ. ಇನ್ನೊಬ್ರು ದೂಳಿನ ಕಾಯಿಲೆ ಅಂದ್ರು. ಎರಡರಲ್ಲಿ ಯಾವ್ದು? (ಚಿತ್ರದುರ್ಗ ತಾಲೂಕು)

ಚಿತ್ರ ನೋಡದೆ ಹೇಳಲಾರೆ. ಆದರೆ ಈ ಗೊಂದಲ ನಮ್ಮ ಕಲ್ಲಿನ ಸೀಮೆಯಲ್ಲಿ ಮಾಮೂಲಿ. ಕಲ್ಲಿನ ದೂಳಲ್ಲಿರುವ ಸಿಲಿಕಾ ಒಳಗೆ ಹೋಗಿ ಸಿಲಿಕೋಸಿಸ್ ಆದರೆ ಎಕ್ಸ್-ರೇಯಲ್ಲಿ ಮೇಲ್ಭಾಗದ ತುಂಬ ಸಣ್ಣ ಸಣ್ಣ ಚುಕ್ಕೆಗಳು ಕಾಣುತ್ತವೆ. ಟಿಬಿಯದ್ದೂ ಅದೇ ಜಾಗ. ಕಂಪ್ಯೂಟರೂ ಎಡವುತ್ತದೆ, ಡಾಕ್ಟರೂ ಎಡವುತ್ತಾರೆ. ‘ಏನು ಕೆಲಸ ಮಾಡ್ತೀರಿ’ ಎಂದು ಕೇಳದಿದ್ದರೆ ಖಂಡಿತ ಎಡವುತ್ತಾರೆ. ಹಾಗಾಗಿ ಅವರು ಕೇಳುವವರೆಗೆ ಕಾಯಬೇಡಿ. ಕ್ರಷರ್, ಇಷ್ಟು ವರ್ಷ, ದೂಳು ಏಳುವ ಜಾಗದಲ್ಲೇ ನಿಲ್ಲುವುದು ಎಂದು ನೀವೇ ಹೇಳಿ, ಚೀಟಿಯಲ್ಲಿ ಬರೆಸಿ. ಸಿಲಿಕೋಸಿಸ್ ಕೆಲಸದಿಂದ ಬರುವ ರೋಗ ಎಂದು ಕಾನೂನಿನಲ್ಲೇ ಇದೆ, ಪರಿಹಾರ ಕೇಳುವಾಗ ಆ ಬರಹ ಬೇಕಾಗುತ್ತದೆ.

ಎರಡೂ ಒಟ್ಟಿಗೆ ಇರಲೂಬಹುದು. ಸಿಲಿಕೋಸಿಸ್ ಇರುವವರಿಗೆ ಟಿಬಿ ಹಲವು ಪಟ್ಟು ಸುಲಭವಾಗಿ ಹಿಡಿಯುತ್ತದೆ. ಈಗ ಕಫದಲ್ಲಿ ಬರಲಿಲ್ಲ ಎಂದು ಬಿಡಬೇಡಿ, ಕೆಮ್ಮು ಜಾಸ್ತಿಯಾದರೆ, ಜ್ವರ ಬಂದರೆ, ತೂಕ ಇಳಿದರೆ ಮತ್ತೆ ಕೊಡಿ. ಟಿಬಿ ಇದ್ದರೆ ವಾಸಿ ಮಾಡಬಹುದು. ಸಿಲಿಕೋಸಿಸ್ ಅನ್ನು ವಾಪಸ್ ತಿರುಗಿಸುವ ಔಷಧ ಇಲ್ಲ, ಆ ದೂಳಿನಿಂದ ದೂರ ಹೋಗುವುದೊಂದೇ ದಾರಿ. ಹೊಟ್ಟೆಪಾಡಿನ ವಿಷಯ, ಹೇಳಿದಷ್ಟು ಸುಲಭ ಅಲ್ಲ ಎಂದು ಗೊತ್ತು. ಕಲ್ಲಿಗೆ ನೀರು ಹೊಡೆಯುವ, ದೂಳು ಕಡಿಮೆ ಇರುವ ಕಡೆಗಾದರೂ ಕೆಲಸ ಬದಲಿಸಿಕೊಡಿ ಎಂದು ಕೇಳಿ.

ಪ್ರಶ್ನೆ: ನಾನು ಮೂರು ತಿಂಗಳ ಗರ್ಭಿಣಿ. ಮಾವನಿಗೆ ಟಿಬಿ ಬಂದಿದೆ, ಮನೆಯವರೆಲ್ಲ ಎಕ್ಸ್-ರೇ ಮಾಡಿಸಿ ಅಂತಿದ್ದಾರೆ. ಕಿರಣದಿಂದ ಮಗುವಿಗೆ ತೊಂದರೆ ಆಗಲ್ವಾ? (ಚನ್ನಗಿರಿ)

ಗರ್ಭಿಣಿ ಎಂದು ಮೊದಲೇ ಹೇಳಿಬಿಡಮ್ಮ. ಶಿಬಿರದಲ್ಲಿ ನಿನ್ನನ್ನು ಬಿಟ್ಟು, ಲಕ್ಷಣ ಕೇಳಿ, ಬೇಕಿದ್ದರೆ ಕಫ ಪರೀಕ್ಷೆಗೆ ಕಳಿಸಬಹುದು. ಡಾಕ್ಟರು ಎಕ್ಸ್-ರೇ ಬೇಕೇ ಬೇಕು ಎಂದರೆ ಹೊಟ್ಟೆಗೆ ರಕ್ಷಣೆ ಕೊಟ್ಟು ತೆಗೆಯುತ್ತಾರೆ, ಭಯಪಡುವಂಥದ್ದಿಲ್ಲ. ಎದೆಯ ಒಂದು ಎಕ್ಸ್-ರೇಯಿಂದ ದೊಡ್ಡವರ ಮೈಗೆ ತಾಗುವುದು ಹೆಚ್ಚೆಂದರೆ 0.1 ಮಿಲಿಸೀವರ್ಟ್, ಇದು ಕಿರಣ ಅಳೆಯುವ ಮಾಪ. ನೆಲದಿಂದ, ಗಾಳಿಯಿಂದ, ಆಕಾಶದಿಂದ ನಮಗೆ ಹೇಗೂ ವರ್ಷಕ್ಕೆ ಸರಾಸರಿ 2.4 ತಾಗುತ್ತಿರುತ್ತದೆ. ಅಂದರೆ ಹದಿನೈದು ದಿನ ಸುಮ್ನೆ ಬದುಕಿದ್ದರೆ ಬರುವಷ್ಟು. ಮಗುವಿಗೆ ತಲುಪುವುದು ಅದರಲ್ಲೂ ತೀರಾ ಕಡಿಮೆ. ಗರ್ಭಿಣಿಗೆ ಗೊತ್ತಾಗದೆ ಉಳಿದ ಟಿಬಿ ಇದಕ್ಕಿಂತ ದೊಡ್ಡ ಅಪಾಯ.

ಪ್ರಶ್ನೆ: ಮಗಳಿಗೆ 23. ಶಿಬಿರದ ಎಕ್ಸ್-ರೇಯಲ್ಲಿ ಅನುಮಾನ ಬಂದು ಕಫದಲ್ಲಿ ಟಿಬಿ ಗಟ್ಟಿಯಾಯ್ತು. ಅವಳಿಗೆ ಸಣ್ಣ ಕೆಮ್ಮೂ ಇರಲಿಲ್ಲ. ಮುಂದಿನ ತಿಂಗಳು ನಿಶ್ಚಿತಾರ್ಥ. ಗಂಡಿನ ಕಡೆಯವರಿಗೆ ಹೇಳಿದ್ರೆ ಸಂಬಂಧ ಮುರಿದುಬೀಳುತ್ತೆ ಅಂತ ನಮ್ಮನೆಯವರು. ಶಿಬಿರಕ್ಕೆ ಹೋಗದಿದ್ರೇ ಚೆನ್ನಾಗಿತ್ತು ಅನ್ಸುತ್ತೆ ಮೇಡಂ. (ಚಳ್ಳಕೆರೆ)

ಹಾಗನ್ನಬೇಡಿ ಅಕ್ಕ. ಹೋಗದಿದ್ದರೆ ಟಿಬಿ ಇರುತ್ತಿರಲಿಲ್ಲವೇ? ಮದುವೆಯಾಗಿ, ಬಸುರಿಯಾಗಿ, ರಕ್ತ ಕೆಮ್ಮುವ ಹೊತ್ತಿಗೆ ಗೊತ್ತಾಗುತ್ತಿತ್ತು ಅಷ್ಟೇ.

ಈಗಿನ ಸ್ಥಿತಿಯಲ್ಲಿ ಇದು ಸಾಮಾನ್ಯವಾಗಿ ಆರು ತಿಂಗಳ ಮಾತ್ರೆಯಲ್ಲಿ ವಾಸಿಯಾಗುವ ಕಾಯಿಲೆ. ಮೊದಲ ಎರಡು ತಿಂಗಳು ನಾಲ್ಕು ಔಷಧ, ಆಮೇಲೆ ನಾಲ್ಕು ತಿಂಗಳು ಮೂರು. ಸರ್ಕಾರಿ ಆಸ್ಪತ್ರೆಯಲ್ಲಿ ಪೂರ್ತಿ ಉಚಿತ. ಮೂತ್ರ ಕೇಸರಿ ಬಣ್ಣಕ್ಕೆ ತಿರುಗುತ್ತದೆ, ಅದು ರಿಫಾಂಪಿಸಿನ್ ಔಷಧದ ಬಣ್ಣ, ಗಾಬರಿಯಾಗಬೇಡಿ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ದೃಷ್ಟಿ ಮಸುಕಾದರೆ ಮಾತ್ರ ಆ ದಿನವೇ ಡಾಕ್ಟರ ಹತ್ತಿರ ಹೋಗಿ. ಔಷಧ ಸರಿಯಾಗಿ ತಗೊಂಡರೆ ಕೆಲವೇ ವಾರಗಳಲ್ಲಿ ಬೇರೆಯವರಿಗೆ ಹರಡುವುದು ಬಹುಮಟ್ಟಿಗೆ ನಿಲ್ಲುತ್ತದೆ. ಆಮೇಲೆ ಹುಷಾರಾಯಿತೆಂದು ನಡುವೆ ಬಿಟ್ಟರೆ ಔಷಧಕ್ಕೆ ಬಗ್ಗದ ಟಿಬಿ ಆಗಬಹುದು.

ಗಂಡಿನ ಕಡೆಯವರಿಗೆ ಹೇಳಬೇಕೋ ಬೇಡವೋ? ಇದನ್ನು ನಿಮ್ಮ ಯಜಮಾನರೂ ನಿರ್ಧರಿಸಬಾರದು, ನಾನೂ ನಿರ್ಧರಿಸಬಾರದು. ಮಗಳನ್ನು ಕೇಳಿ. ಕೇಳಿದರೆ ನಾನು ಹೇಳುವುದು ಇಷ್ಟು: ಹುಡುಗನಿಗೆ ಅವಳೇ ಹೇಳಲಿ, ಮದುವೆ ದಿನಾಂಕವನ್ನು ಕೋರ್ಸ್ ಮುಗಿದ ಮೇಲಕ್ಕೆ ಇಡಿ. ಬಚ್ಚಿಟ್ಟು ಮದುವೆ ಮಾಡಿದ ಮನೆಗಳಲ್ಲಿ ಹುಡುಗಿಯರು ಅತ್ತೆಗೆ ಕಾಣದಂತೆ ಮಾತ್ರೆ ನುಂಗಲು ಹೋಗಿ, ದಿನ ತಪ್ಪಿಸಿ, ಕೊನೆಗೆ ಬಿಟ್ಟೇಬಿಡುತ್ತಾರೆ. ಅದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಕೋರ್ಸ್ ಮುಗಿಯುವವರೆಗೆ ಗರ್ಭ ನಿಲ್ಲದಿದ್ದರೆ ಒಳ್ಳೆಯದು. ರಿಫಾಂಪಿಸಿನ್ ಜೊತೆ ಗರ್ಭನಿರೋಧಕ ಮಾತ್ರೆ ಸರಿಯಾಗಿ ಕೆಲಸ ಮಾಡುವುದಿಲ್ಲ ಎನ್ನುವುದೂ ನೆನಪಿರಲಿ.

ಹೊಟ್ಟೆ ತುಂಬ ಊಟ ಹಾಕಿ. ಇದು ಅಜ್ಜಿ ಮಾತಲ್ಲ. ಜಾರ್ಖಂಡ್‌ನಲ್ಲಿ 2,800 ಟಿಬಿ ರೋಗಿಗಳ ಮನೆಗಳಲ್ಲಿ ಒಂದು ಅಧ್ಯಯನ ನಡೆಯಿತು. ನಡೆಸಿದವರಲ್ಲಿ ನಮ್ಮ ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಇದ್ದರು. ಮನೆಯವರಿಗೂ ರೇಷನ್ ಕೊಟ್ಟ ಕಡೆ ಆ ಮನೆಗಳಲ್ಲಿ ಹೊಸದಾಗಿ ಟಿಬಿ ಬರುವುದು 39ರಿಂದ 48 ಶೇಕಡಾ ಕಡಿಮೆಯಾಯಿತು. 2023ರಲ್ಲಿ ಇದು ಪ್ರಕಟವಾಗಿದೆ. ಬೇಳೆ, ಶೇಂಗಾ, ಮೊಟ್ಟೆ, ಹಾಲು ಸಾಕು. ದುಬಾರಿ ಪ್ರೋಟೀನ್ ಡಬ್ಬಿ ಬೇಕಿಲ್ಲ. ಟಿಬಿ ರೋಗಿಗಳ ಊಟಕ್ಕೆಂದು ಸರ್ಕಾರ ದುಡ್ಡು ಕೊಡುವ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಚಿಕಿತ್ಸೆ ಮುಗಿಯುವವರೆಗೆ ತಿಂಗಳಿಗೆ 1,000 ರೂಪಾಯಿ ಮಗಳ ಬ್ಯಾಂಕ್ ಖಾತೆಗೆ ಬರುತ್ತದೆ. ಮೊದಲು 500 ಇತ್ತು, 2024ರ ನವೆಂಬರ್‌ನಿಂದ ಜಾಸ್ತಿ ಮಾಡಿದರು. ಖಾಸಗಿಯಲ್ಲಿ ತೋರಿಸುವವರಿಗೂ ಇದು ಉಂಟು.

ಮನೆಯಲ್ಲಿರುವ ಎಲ್ಲರೂ ತಪಾಸಣೆ ಮಾಡಿಸಿಕೊಳ್ಳಿ. ಯಾರಿಗೂ ಟಿಬಿ ಇಲ್ಲ ಎಂದು ಖಾತ್ರಿಯಾದ ಮೇಲೆ ಬರದಂತೆ ತಡೆಯುವ ಮಾತ್ರೆ ಕೊಡುತ್ತಾರೆ. ಆರು ತಿಂಗಳು ದಿನಾ ತೆಗೆದುಕೊಳ್ಳುವುದೊಂದಿದೆ, ವಾರಕ್ಕೊಮ್ಮೆಯಂತೆ ಹನ್ನೆರಡು ವಾರದ್ದೊಂದಿದೆ. ‘ನಮಗೇನಾಗಿದೆ ಅಂತ ಮಾತ್ರೆ’ ಎಂದು ನಿಮ್ಮ ಯಜಮಾನರು ಖಂಡಿತ ಕೇಳುತ್ತಾರೆ. ಏನೂ ಆಗದಿರಲಿ ಎಂದೇ ಕೊಡುವುದು ಎಂದು ಹೇಳಿ.

ಪ್ರಶ್ನೆ: ಎಕ್ಸ್-ರೇ ಮಾಡಿಸಿ ತಿಂಗಳಾಯ್ತು. ಫೋನಿಗೆ ಏನೂ ಬಂದಿಲ್ಲ. ಏನೂ ಬಂದಿಲ್ಲ ಅಂದ್ರೆ ಏನೂ ಇಲ್ಲ ಅಂತ ತಿಳ್ಕೊಳ್ಳಲಾ? (ಹೊಳಲ್ಕೆರೆ)

ತಿಳ್ಕೋಬೇಡಿ. ಫೋನ್ ನಂಬರಿನಲ್ಲಿ ಒಂದಂಕಿ ತಪ್ಪಿದ್ದರೂ ಸಂದೇಶ ಬೇರೆಯವರಿಗೆ ಹೋಗಿರುತ್ತದೆ. ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ, ಇಲ್ಲವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಆಧಾರ್ ಕಾರ್ಡ್ ಹಿಡಿದುಕೊಂಡು ಹೋಗಿ ಶಿಬಿರದ ದಿನ ಹೇಳಿ. ಶಿಬಿರದಲ್ಲಿ ಹೆಸರು ಬರೆಸಿದಾಗ ಕೊಟ್ಟ ನಂಬರು ಇದ್ದರೆ ಹುಡುಕುವುದು ಸುಲಭ. ಟಿಬಿ ಸಹಾಯವಾಣಿ 1800-11-6666ಕ್ಕೆ ಫೋನ್ ಮಾಡಿಯೂ ಮುಂದೇನು ಮಾಡಬೇಕೆಂದು ವಿಚಾರಿಸಬಹುದು, ದುಡ್ಡು ಬೀಳುವುದಿಲ್ಲ. ರಿಪೋರ್ಟ್‌ನಲ್ಲಿ ಅನುಮಾನ ಎಂದಿದ್ದರೆ ಕಫದ ಡಬ್ಬಿಯನ್ನು ಅವತ್ತೇ ಇಸ್ಕೊಂಡು ಬನ್ನಿ, ಮರುದಿನ ಬೆಳಗ್ಗೆ ತಿಂಡಿಗೆ ಮುಂಚೆ ಕಫ ತೆಗೆದು ಕೊಟ್ಟುಬಿಡಿ.